ಕನ್ನಡದಲ್ಲಿ ಓದಿ ಹೇಳಲಾಗಿದೆ

ಬಡವರ ಪರವಾಗಿ ವಕೀಲಿ ಮಾಡುವ ಕೆಲಸ ಬೇಕೆಂದು ಮುಂಬಯಿಯಲ್ಲಿ ಹುಡುಕಿಕೊಂಡು ಹೊರಟಾಗ ನನಗೆ ಮೊದಲು ತಿಳಿದ ಸಂಗತಿ, ಆ ಕೆಲಸವನ್ನು ಎಲ್ಲರೂ ಆಗಲೇ ಮಾಡುತ್ತಿದ್ದಾರೆ ಎಂಬುದು. ಎಪ್ಪತ್ತರ ದಶಕದ ನಡುವಿನ ಮಾತು. ಲಾ ಕಾಲೇಜಿನ ಕೊನೆಯ ವರ್ಷ. ಬೆಳಗಿನ ಕ್ಲಾಸು ಮುಗಿಸಿ, ಕೋರ್ಟುಗಳಿರುವ ಫೋರ್ಟ್ ಪ್ರದೇಶದ ಹಳೆಯ ಬಿಲ್ಡಿಂಗುಗಳ ಮರದ ಮೆಟ್ಟಿಲು ಹತ್ತುತ್ತಿದ್ದೆ. ಪ್ರತಿ ಛೇಂಬರಿನಲ್ಲೂ ಒಬ್ಬ ವಕೀಲರು ಕುರ್ಚಿಗೆ ಒರಗಿ, "ಬಡವರಿಂದ ನಾನು ಒಂದು ಪೈಸೆಯನ್ನೂ ಮುಟ್ಟುವುದಿಲ್ಲ" ಎನ್ನುತ್ತಿದ್ದರು. ಹಾಗಾದರೆ ಅಂಥದ್ದೊಂದು ಫೈಲು ತೋರಿಸಿ ಎಂದರೆ ಗಡಿಯಾರ ನೋಡುತ್ತಿದ್ದರು.

ಈಗ ಈ ಕೆಲಸಕ್ಕೆ ಸಾರ್ವಜನಿಕ ಹಿತಾಸಕ್ತಿ ಎಂಬ ಘನವಾದ ಹೆಸರಿದೆ. ಆಗ ಕೋರ್ಟಿನ ಕಾರಿಡಾರಿನಲ್ಲಿ ಅದನ್ನು ಫುಕಟ್ ವಕೀಲಿ, ಅಂದರೆ ಬಿಟ್ಟಿ ವಕೀಲಿ, ಎನ್ನುತ್ತಿದ್ದರು. ಫುಕಟ್ ವಕೀಲಿಗೆ ಹೆಣ್ಣುಮಗಳು ಬಂದರೆ ಇನ್ನೂ ತಮಾಷೆ. ಒಬ್ಬರು ನನಗೆ ಟೈಪಿಂಗ್ ಬರುತ್ತದೆಯೇ ಎಂದು ಕೇಳಿದರು. ಇನ್ನೊಬ್ಬರು ಮದುವೆ ಗೊತ್ತಾಗಿದೆಯೇ ಎಂದು ಕೇಳಿ, ಇಲ್ಲ ಎಂದಾಗ, "ಹಾಗಾದರೆ ಅಲ್ಲಿವರೆಗೆ ಸಮಾಜಸೇವೆ ಒಳ್ಳೆಯದೇ" ಎಂದರು. ಮುಂಬಯಿಯ ಗಿರಣಿಗಳ ನಡುವಿನ ಲಾಲ್‌ಬಾಗಿನಲ್ಲಿ ಕೂಲಿಕಾರರ ಕೇಸು ನಡೆಸುತ್ತಿದ್ದ ಒಬ್ಬರ ಮೇಲೆ ನನಗೆ ನಿಜಕ್ಕೂ ಭರವಸೆಯಿತ್ತು. ಅವರು ಬೀಡಿ ಆರಿಸಿ, "ನಮ್ಮ ಆಫೀಸಿನಲ್ಲಿ ಹೆಂಗಸರಿಗೆ ಬಾತ್‌ರೂಮಿಲ್ಲ, ಕ್ರಾಂತಿ ಆದ ಮೇಲೆ ಕಟ್ಟಿಸುತ್ತೇವೆ, ಆಗ ಬಾ" ಎಂದರು. ಸುತ್ತ ಕೂತಿದ್ದ ಕಾಮ್ರೇಡುಗಳು ನಕ್ಕರು. ನಾನೂ ನಕ್ಕೆ. ಆ ನಗು ನೆನಪಾದರೆ ಈಗಲೂ ಬಾಯಿ ಕಹಿಯಾಗುತ್ತದೆ.

ಅಪ್ಪ ಗ್ರಾಂಟ್ ರೋಡಿನ ಒಂದು ಉಡುಪಿ ಹೋಟೆಲಿನ ಅಡುಗೆಮನೆ ನೋಡಿಕೊಳ್ಳುತ್ತಿದ್ದರು. ನಮ್ಮದು ಮಾಟುಂಗದ ಚಾಳಿನಲ್ಲಿ ಒಂದೇ ಕೋಣೆ. ನಾನು ಹೈಸ್ಕೂಲಿನಿಂದಲೂ ಚರ್ಚಾಸ್ಪರ್ಧೆಯ ಹುಚ್ಚಿನವಳು. ಗೋಡೆಯ ಗೂಡಿನಲ್ಲಿ ದೇವರ ಪಟಕ್ಕಿಂತ ನನ್ನ ಕಪ್ಪುಗಳೇ ಹೆಚ್ಚಿದ್ದವು. ಸಂಜೆ ನಾನು ಚಪ್ಪಲಿ ಬಿಡುವಾಗ ಅಪ್ಪ ಕೇಳುವ ಪ್ರಶ್ನೆ ಒಂದೇ.

"ಎಂತ ಮಾರಾಯ್ತಿ, ಇವತ್ತು ಯಾರನ್ನು ಸೋಲಿಸಿ ಬಂದೆ?"

"ಯಾರೂ ವಾದಕ್ಕೇ ನಿಲ್ಲಲಿಲ್ಲ ಅಪ್ಪ."

"ಹಾಗಾದ್ರೆ ಕೆಲಸ ಸಿಗ್ಲಿಲ್ಲ ಅಂತ ಹೇಳು. ಅಷ್ಟಕ್ಕೆ ಇಷ್ಟುದ್ದ ಎಂತಕ್ಕೆ?"

ಕೊನೆಗೆ ಕೆಲಸ ತೋರಿಸಿದ್ದೂ ಚರ್ಚಾಸ್ಪರ್ಧೆಯೇ. ಮಾಟುಂಗದಲ್ಲಿ ನಮ್ಮ ಕಡೆಯವರದೊಂದು ಕನ್ನಡ ಸಂಘವಿತ್ತು. ವರ್ಷಕ್ಕೊಮ್ಮೆ ಅಲ್ಲಿ ಕಾಲೇಜು ಹುಡುಗರಿಗೆ ಸ್ಪರ್ಧೆ. ಒಂದು ವರ್ಷ ವಿಷಯ 'ಕಾನೂನು ಬಡವರ ಕೈಗೆ ಎಟಕುತ್ತದೆ' ಎಂದಿತ್ತು. ಚೀಟಿ ಎತ್ತಿದಾಗ ನನಗೆ ವಿರೋಧದ ಪಾಲು ಬಂತು, ಗೆದ್ದೆ. ಮರುವರ್ಷ ಅದೇ ವಿಷಯ, ಪರವಾಗಿ ಮಾತಾಡುವ ಪಾಲು ಬಂತು, ಮತ್ತೆ ಗೆದ್ದೆ. ಎರಡು ಸಲವೂ ತೀರ್ಪುಗಾರರಾಗಿ ಕೂತಿದ್ದವರು ಒಬ್ಬ ಹೆಸರಾಂತ ಸೀನಿಯರ್ ವಕೀಲರು, ಕರಾವಳಿಯವರೇ. ಸಂಘದ ಹಿಂದಿನ ಕೋಣೆಯಲ್ಲಿ ಪ್ರತಿ ಭಾನುವಾರ ಬಡವರಿಗೆ ಉಚಿತ ಕಾನೂನು ನೆರವಿನ ಕೇಂದ್ರ ನಡೆಸುತ್ತಿದ್ದರು. ಎರಡನೆಯ ಕಪ್ಪು ಕೊಡುವಾಗ ಅವರು ನನ್ನ ಕಿವಿಯ ಹತ್ತಿರ ಬಗ್ಗಿ, "ಯಾವ ಕಡೆ ಕೊಟ್ಟರೂ ಗೆಲ್ಲುತ್ತೀ. ಭಾನುವಾರ ಬಾ" ಎಂದರು. ಅದನ್ನು ನಾನು ಹೊಗಳಿಕೆ ಎಂದುಕೊಂಡೆ.

ಕೇಂದ್ರದ ಬೋರ್ಡು ಕೋಣೆಗಿಂತ ಚೆನ್ನಾಗಿತ್ತು. ಒಳಗೆ ಯಕ್ಷಗಾನದ ಪೆಟ್ಟಿಗೆಗಳು, ಮಡಚಿಟ್ಟ ಬ್ಯಾಡ್ಮಿಂಟನ್ ಬಲೆ, ಒಂದು ಬೆಂಚು, ಒಂದು ಮೇಜು. ಬರುತ್ತಿದ್ದವರಲ್ಲಿ ನಮ್ಮವರು ಕಡಿಮೆ. ನಮ್ಮವರಿಗೆ ಬಡವರೆನಿಸಿಕೊಳ್ಳಲು ನಾಚಿಕೆ. ಬರುತ್ತಿದ್ದವರು ವಿಜಾಪುರ, ಗುಲಬರ್ಗಾ ಕಡೆಯಿಂದ ಬಂದು ಗಾರೆ ಹೊರುವವರು, ಕಲ್ಲು ಒಡೆಯುವವರು, ರಸ್ತೆ ಅಗೆಯುವವರು. ಸೀನಿಯರ್ ಹತ್ತಕ್ಕೆ ಬಂದು ಹನ್ನೊಂದಕ್ಕೆ ಹೋಗುತ್ತಿದ್ದರು. ಮಿಕ್ಕ ಹೊತ್ತು ಅವರ ಗುಮಾಸ್ತನ ರಾಜ್ಯ. ಮರಾಠಿಯವನು, ಅರವತ್ತು ದಾಟಿದವನು, ಕರಿ ಟೋಪಿ, ಜೇಬಿನಲ್ಲಿ ಸದಾ ಸುಪಾರಿ, ಅಡಕತ್ತರಿ. ಅವನಿಗೆ ಕನ್ನಡ ಬಾರದು, ಬಂದವರಿಗೆ ಕನ್ನಡ ಬಿಟ್ಟು ಬೇರೆ ಬಾರದು. ನಡುವೆ ನಾನು.

ಸೀನಿಯರ್ ಕೊಟ್ಟ ಮಾತು ಸ್ಪಷ್ಟವಾಗಿತ್ತು. ಒಂದು ವರ್ಷ ಭಾನುವಾರಗಳಲ್ಲಿ ದುಡಿದರೆ, ಪರೀಕ್ಷೆ ಮುಗಿದ ಮೇಲೆ ಛೇಂಬರಿನಲ್ಲಿ ಜೂನಿಯರ್ ಜಾಗ. ಮಾಡುವುದು ಇದೇ ಕೆಲಸ, ಬೇರೆ ಏನೂ ಅಲ್ಲ. ಇಡೀ ಮುಂಬಯಿಯಲ್ಲಿ ಅಂಥ ಜಾಗ ಇದ್ದದ್ದು ಅದೊಂದೇ ಎಂದು ಆಗ ನನಗೆ ಖಾತ್ರಿಯಾಗಿತ್ತು.

ಆ ಮೇಜಿನ ಮೇಲೆ ಒಂದು ಪದ್ಧತಿ ನಡೆಯುತ್ತಿತ್ತು. ಯಾರೇ ಕೇಸು ತರಲಿ, ಗುಮಾಸ್ತ ವಕಾಲತ್ತಿನ ಜೊತೆಗೆ ನಾಲ್ಕೈದು ಖಾಲಿ ಹಾಳೆ ಇಟ್ಟು, ಪ್ರತಿಯೊಂದರ ಕೆಳಗೂ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಿದ್ದ. ಹೆಬ್ಬೆಟ್ಟಿನ ಕೆಳಗೆ ನಾನು ಇಂಗ್ಲಿಷಿನಲ್ಲಿ ಒಂದು ಸಾಲು ಬರೆಯಬೇಕು: ಮೇಲಿನದನ್ನು ಕಕ್ಷಿದಾರರಿಗೆ ಕನ್ನಡದಲ್ಲಿ ಓದಿ ಹೇಳಿದ್ದೇನೆ. ಅದರ ಕೆಳಗೆ ನನ್ನ ಸಹಿ. ಮೊದಲ ಭಾನುವಾರ ನಾನು ಕೇಳಿದೆ, ಮೇಲೆ ಏನೂ ಇಲ್ಲವಲ್ಲ, ಏನನ್ನು ಓದಿ ಹೇಳಲಿ?

ಗುಮಾಸ್ತ ಸುಪಾರಿ ಕತ್ತರಿಸುತ್ತಲೇ ಹೇಳಿದ, "ಬೇಟಿ, ಇವರು ಇವತ್ತು ಚೆಂಬೂರು, ನಾಳೆ ಥಾಣಾ. ಸೈಟು ಮುಗಿಯಿತು, ಗಂಟು ಕಟ್ಟಿದರು. ಕೋರ್ಟಿನಲ್ಲಿ ತಾರೀಖು ಬಿತ್ತು, ಒಂದು ಅರ್ಜಿ ಬೇಕು. ಹೆಬ್ಬೆಟ್ಟು ಎಲ್ಲಿಂದ ತರಲಿ? ನಿನ್ನ ಸಹಿಗೆ ನಿನ್ನನ್ನು ಪರೀಕ್ಷೆಯ ಕೋಣೆಯಿಂದ ಎಬ್ಬಿಸಿ ತರಲೇ? ಖಾಲಿ ಕಾಗದ ಇದ್ದರೆ ಕೆಲಸಕ್ಕೆ ಬರುತ್ತದೆ."

ನೋಡಿ, ಇದು ಸುಳ್ಳಲ್ಲ. ಆ ಜನ ನಿಜವಾಗಿಯೂ ಸಿಗುತ್ತಿರಲಿಲ್ಲ. ತಾರೀಖಿನ ದಿನ ಒಂದು ಹೆಬ್ಬೆಟ್ಟಿಲ್ಲದೆ ಕೇಸುಗಳು ಬಿದ್ದುಹೋದದ್ದನ್ನು ನಾನೇ ಕಂಡಿದ್ದೆ. ಹೇಗಿದ್ದರೂ ಮುಂದೆ ಓದಿ ಹೇಳುವವಳು ನಾನೇ ತಾನೇ, ಸಹಿ ಸ್ವಲ್ಪ ಮುಂಚೆ ಹಾಕಿದರೇನು ಎಂದು ನನಗೆ ನಾನೇ ವಾದ ಮಾಡಿಕೊಂಡೆ. ಎದುರಾಳಿ ಇರಲಿಲ್ಲ, ಗೆದ್ದೆ. ಮೇಜಿನ ಮೇಲೆ ಹೆಬ್ಬೆಟ್ಟು ಒರೆಸಲು ಒಂದು ಚಿಂದಿ ಇರುತ್ತಿತ್ತು. ಯಾರೂ ಅದನ್ನು ಎಂದೂ ಒಗೆದವರಲ್ಲ. ನೇರಳೆ ಮಸಿ ಕುಡಿದು ಕುಡಿದು ಹಲಗೆಯಂತೆ ಗಟ್ಟಿಯಾಗಿತ್ತು. ಹೆಂಗಸರು ಅದನ್ನು ಮುಟ್ಟುತ್ತಿರಲಿಲ್ಲ, ಬೆರಳನ್ನು ತಲೆಗೂದಲಿಗೇ ಉಜ್ಜಿಕೊಳ್ಳುತ್ತಿದ್ದರು.

ದಸರೆಯ ಆಸುಪಾಸಿನಲ್ಲಿ ಘಾಟ್ಕೋಪರಿನಿಂದ ಒಂದು ಗುಂಪು ಬಂತು. ಅಲ್ಲಿಯ ಗುಡ್ಡದ ಮೇಲೆ ಇಪ್ಪತ್ತೆರಡು ಝೋಪಡಿಗಳು. ಜಾಗ ತನ್ನದೆಂದು ಒಬ್ಬ ಬಿಲ್ಡರ್ ನೋಟೀಸು ಕೊಟ್ಟಿದ್ದ. ಗುಂಪಿನ ಮುಂದೆ ಐವತ್ತು ದಾಟಿದ ಒಬ್ಬ ಹೆಂಗಸು. ವಿಜಾಪುರದ ಕಡೆಯವಳು, ಹಣೆಯ ಮೇಲೆ ಹಸಿರು ಹಚ್ಚೆ, ಅಂಗೈ ಕಲ್ಲಿನಂತೆ ಒರಟು. ಹದಿನೈದು ವರ್ಷದಿಂದ ಅಲ್ಲಿದ್ದಳು. ಆ ಗುಡ್ಡದಲ್ಲಿ ಕಲ್ಲು ಒಡೆದು ನೆಲ ಸಮ ಮಾಡಿದ್ದೇ ಇವರು. ಅವಳು ಒತ್ತಿದರೆ ಉಳಿದವರು ಒತ್ತುತ್ತಾರೆ ಎಂಬುದು ನೋಡಿದೊಡನೆ ಗೊತ್ತಾಗುತ್ತಿತ್ತು. ವಕಾಲತ್ತಿಗೆ ಒತ್ತಿದಳು. ಖಾಲಿ ಹಾಳೆ ಮುಂದಿಟ್ಟಾಗ ಕೈ ಹಿಂದಕ್ಕೆ ಎಳೆದುಕೊಂಡಳು.

"ಇದರಾಗ ಏನ್ ಬರದೈತಿ?"

"ಇನ್ನೂ ಏನೂ ಇಲ್ಲಮ್ಮ. ಮುಂದೆ ಬೇಕಾದಾಗ ಬರೆಯುತ್ತಾರೆ."

"ಬರದ ಮ್ಯಾಲ ಕರಿ, ಬಂದು ಒತ್ತತೀನಿ."

"ಆಗ ನೀವು ಸಿಗಬೇಕಲ್ಲ."

"ನಾ ಎಲ್ಲಿ ಹೊಕ್ಕೀನವಾ? ಝೋಪಡಿ ಉಳಸಾಕ ಬಂದಾಕಿ ನಾ, ಓಡಿ ಹೋಗಾಕ ಅಲ್ಲ." ಹಿಂದೆ ಕೂತವರು ಮುಸಿಮುಸಿ ನಕ್ಕರು. ಅವಳು ಮುಂದುವರಿಸಿದಳು, "ಹಿಂದಕ ಕೂಲಿ ಹಚ್ಚೂ ಒಬ್ಬ ಮುಕಾದಮ ಹಿಂಗ ಖಾಲಿ ಹಾಳಿ ಮ್ಯಾಲ ಒತ್ತಿಸ್ಕೊಂಡಿದ್ದ. ಆಮ್ಯಾಲ ನಾನ ಕೆಲಸಾ ಬಿಟ್ಟೇನಿ ಅಂತ ಬರಕೊಂಡ. ಕೆಲಸಾ ಮಾಡಕೋತ ನಿಂತೀನಿ, ಬಿಟ್ಟೀದಿ ನಡಿ ಅಂದ."

ಇಂಥ ಸಾಕ್ಷಿ ಎದುರಿಗಿದ್ದಾಗ ಯಾವ ಬುದ್ಧಿಯಿರುವವಳೂ ಬಾಯಿ ಮುಚ್ಚಬೇಕು. ನನಗೆ ಹುರುಪು ಬಂತು. ಎಷ್ಟೋ ತಿಂಗಳ ನಂತರ ಒಬ್ಬರು ನನ್ನೆದುರು ವಾದಕ್ಕೆ ನಿಂತಿದ್ದರು.

"ಅಮ್ಮ, ಒಂದು ಮಾತು ಹೇಳಿ. ನಿಮಗೆ ಈ ವಕೀಲರ ಮೇಲೆ ನಂಬಿಕೆ ಇದೆಯೋ ಇಲ್ಲವೋ?"

"ಐತಿ ಅಂತನ ಬಂದೇವಿ."

"ನಂಬಿಕೆ ಇದ್ದರೆ ಖಾಲಿ ಹಾಳೆಗೆ ಹೆದರಿಕೆ ಯಾಕೆ? ಇಲ್ಲದಿದ್ದರೆ ನಿಮ್ಮ ಝೋಪಡಿಯನ್ನು ಇವರ ಕೈಗೆ ಕೊಡಲು ಬಂದದ್ದು ಯಾಕೆ? ಆ ಮುಕಾದಮ ನಿಮ್ಮ ಎದುರು ಪಕ್ಷದವನು. ಇವರು ನಿಮ್ಮ ಪಕ್ಷ. ಎರಡೂ ಒಂದೇ ಆಗುತ್ತದೆಯೇ?"

ಎತ್ತ ಹೋದರೂ ಗೋಡೆ. ಸ್ಪರ್ಧೆಯಲ್ಲಾದರೆ ಇಲ್ಲಿ ಚಪ್ಪಾಳೆ ಬೀಳುತ್ತಿತ್ತು. ಗುಮಾಸ್ತನಿಗೆ ಭಾಷೆ ಅರ್ಥವಾಗದಿದ್ದರೂ ಧಾಟಿ ಅರ್ಥವಾಗಿ ಸುಪಾರಿ ಕತ್ತರಿಸುವುದನ್ನು ನಿಲ್ಲಿಸಿ ತಲೆದೂಗಿದ. ಅವಳು ಖಾಲಿ ಹಾಳೆಯನ್ನು ತನ್ನ ಕಡೆ ಎಳೆದುಕೊಂಡಳು.

"ಪುಸ್ತಕದ ಮಾತ ಆಡಿದಂಗ ಆಡ್ತಿ ತಂಗಿ. ಮಾತಿನ್ಯಾಗ ನೀನ ಗೆದ್ದಿ. ಹಾಳಿ ಮಾತ್ರ ಖಾಲಿನ ಐತಿ."

ಹಾಗೆಂದು ಹೆಬ್ಬೆಟ್ಟು ಚಾಚಿದಳು. ಅವಳ ಬೆರಳು ಎಷ್ಟು ಸವೆದಿತ್ತೆಂದರೆ ಗೆರೆಗಳು ಮೂಡಲಿಲ್ಲ. ಬರೀ ಒಂದು ನೇರಳೆ ಮುದ್ದೆ. ಆಮೇಲೆ ಇಪ್ಪತ್ತೊಂದು ಜನ ಸಾಲಾಗಿ ಒತ್ತಿದರು. ನಾನು ಪ್ರತಿ ಹಾಳೆಯ ಕೆಳಗೂ, ಓದಿ ಹೇಳಿದ್ದೇನೆ ಎಂದು ಬರೆದು ಸಹಿ ಮಾಡುತ್ತ ಹೋದೆ. ಕೈ ನೋಯುವಷ್ಟು ಸಹಿ ಮಾಡಿದ್ದು ಜೀವನದಲ್ಲಿ ಅದೇ ಮೊದಲು, ಹೆಮ್ಮೆಯಿಂದಲೇ ಮಾಡಿದೆ.

ಸಿವಿಲ್ ಕೋರ್ಟಿನಲ್ಲಿ ದಾವೆ ಹಾಕಿದರು. ಕೇಸು ಮುಗಿಯುವ ತನಕ ಝೋಪಡಿ ಮುಟ್ಟಬಾರದೆಂದು ಸ್ಟೇ ಸಿಕ್ಕಿತು. ಮುಂದಿನ ಭಾನುವಾರ ಆ ಹೆಂಗಸು ಒಂದು ಬುಟ್ಟಿಯಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ ತಂದಳು. ಸೀನಿಯರ್ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು, ಸಂಘದ ಫೋಟೋಗ್ರಾಫರ್ ಹೋದ ಮೇಲೆ ಕರವಸ್ತ್ರಕ್ಕೆ ಉಗುಳಿದರು. ಹಲ್ಲಿಗೆ ಕಷ್ಟವಾಯಿತೇನೋ ಎಂದುಕೊಂಡೆ. ಆ ವಯಸ್ಸಿನಲ್ಲಿ, ಕೆಲಸದ ಆಸೆಯಿದ್ದರೆ, ಎಂಥ ಸಂಶಯವಾದಿಯೂ ಇಷ್ಟು ಉದಾರಿಯಾಗುತ್ತಾಳೆ.

ಏಪ್ರಿಲಿನ ಒಂದು ಭಾನುವಾರ ಅವಳು ಮತ್ತೆ ಬಂದಳು. ಬುಟ್ಟಿ ಇರಲಿಲ್ಲ, ಕೈಯಲ್ಲಿ ಮಡಚಿದ ಒಂದು ಕಾಗದ. ಬೆಂಚಿನ ಮೇಲೆ ಕೂರಲಿಲ್ಲ.

"ಬಿಲ್ಡರನ ಮಂದಿ ಬಂದಿದ್ರು. ಮಳಿಗಿಂತ ಮದಲ ನಾವ ಬಿಟ್ಟು ಹೊಕ್ಕೇವಿ ಅಂತ ಕೋರ್ಟಿನ್ಯಾಗ ಬರದು ಕೊಟ್ಟೇವಂತ. ಗಿರಣಿ ಆಫೀಸಿನ್ಯಾಗ ಕೆಲಸಾ ಮಾಡೂ ಹುಡುಗನ ಕಡೆ ಓದಿಸಿದೆ. ಬುಡಕ್ಕ ನಿನ್ನ ಸೈ ಐತಂತ. ಕನ್ನಡದಾಗ ಓದಿ ಹೇಳೀದಿ ಅಂತ ಬರದೈತಂತ." ಕಾಗದವನ್ನು ನನ್ನ ಮುಂದೆ ಇಟ್ಟಳು. "ಏನ್ ಓದಿ ಹೇಳಿದ್ದಿ, ಈಗರ ಹೇಳು."

ಕೋರ್ಟಿನ ದಾಖಲೆಯ ನಕಲು. ಪುರ್ಸಿಸ್, ಅಂದರೆ ಕಕ್ಷಿದಾರರು ಕೋರ್ಟಿಗೆ ಕೊಡುವ ಚಿಕ್ಕ ಲಿಖಿತ ಹೇಳಿಕೆ. ನಮಗೆ ದಾವೆ ಮುಂದುವರಿಸುವ ಇಚ್ಛೆಯಿಲ್ಲ, ಮಳೆಗಾಲಕ್ಕೆ ಮುಂಚೆ ನಾವೇ ಜಾಗ ತೆರವು ಮಾಡುತ್ತೇವೆ ಎಂದು ನಾಲ್ಕೇ ಸಾಲು. ಸಾಲುಗಳನ್ನು ಹೆಬ್ಬೆಟ್ಟಿಗೆ ತಾಗದಂತೆ ಅಳತೆ ಮಾಡಿ ಟೈಪು ಮಾಡಲಾಗಿತ್ತು. ಕೆಳಗೆ ನೇರಳೆ ಮುದ್ದೆ. ಅದರ ಕೆಳಗೆ ನನ್ನ ಅಕ್ಷರ, ಕಾಲೇಜಿನಲ್ಲಿ ಎಲ್ಲರೂ ಮೆಚ್ಚುತ್ತಿದ್ದ ದುಂಡನೆಯ ಅಕ್ಷರ.

ನಾನು ಆ ನಾಲ್ಕು ಸಾಲನ್ನು ಅವಳಿಗೆ ಕನ್ನಡದಲ್ಲಿ ಓದಿ ಹೇಳಿದೆ. ಆರು ತಿಂಗಳು ತಡವಾಗಿ. ಅವಳು ಕೇಳಿಸಿಕೊಂಡು, ಕಾಗದ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದಳು. ಬೈದಿದ್ದರೆ ನಾನು ಉತ್ತರ ಹುಡುಕುತ್ತಿದ್ದೆ.

ಸೋಮವಾರ ಛೇಂಬರಿಗೆ ಹೋದೆ. ಸೀನಿಯರ್ ಚಹಾ ತರಿಸಿದರು.

"ಆ ದಾವೆಯಲ್ಲಿ ಹುರುಳಿರಲಿಲ್ಲ" ಎಂದರು. "ಸ್ಟೇ ಇನ್ನೊಂದು ತಾರೀಖಿಗೆ ಬಿದ್ದುಹೋಗುತ್ತಿತ್ತು. ನಾನು ಮಳೆಗಾಲದವರೆಗೆ ಕಾಲಾವಕಾಶ ಗಿಟ್ಟಿಸಿಕೊಟ್ಟೆ. ಜೂನ್ ತಿಂಗಳ ಮಳೆಯಲ್ಲಿ ಪೊಲೀಸರು ಬಂದು ಎಳೆದು ಹಾಕಿದ್ದರೆ ನಿನಗೆ ಸಮಾಧಾನವಾಗುತ್ತಿತ್ತೇ?"

"ಹುರುಳಿಲ್ಲದ್ದಾದರೆ ಅವರಿಗೆ ಹೇಳಬಹುದಿತ್ತಲ್ಲ ಸರ್. ಕೇಳಿ, ಅವರೇ ಒತ್ತುತ್ತಿದ್ದರೋ ಇಲ್ಲವೋ ನೋಡಬಹುದಿತ್ತು."

"ಅವರಿಗೆ ಏನು ಅರ್ಥವಾಗುತ್ತದೆ?"

"ಆ ಬಿಲ್ಡರ್ ನಮ್ಮ ಸಂಘದ ಹೊಸ ಸಭಾಗೃಹದ ಸಮಿತಿಗೆ ಅಧ್ಯಕ್ಷರು. ನಿನ್ನೆ ಸಂಘದಲ್ಲಿ ನೋಡಿದೆ, ಶಂಕುಸ್ಥಾಪನೆಯ ಆಮಂತ್ರಣದಲ್ಲಿ ಅವರ ಹೆಸರು ನಿಮ್ಮ ಹೆಸರಿನ ಪಕ್ಕದಲ್ಲೇ ಇದೆ."

ಅವರಿಗೆ ಸಿಟ್ಟು ಬರಲಿಲ್ಲ. ನನಗೆ ಇವತ್ತಿಗೂ ವಾಕರಿಕೆ ತರುವುದು ಅದೇ. ಸಿಕ್ಕಿಬಿದ್ದವನ ಮುಖ ಹೇಗಿರುತ್ತದೆ ಎಂದು ನೋಡಲು ನಾನು ಕಾದು ಕೂತಿದ್ದೆ. ಅವರು ಬಿಸ್ಕೆಟನ್ನು ಚಹಾದಲ್ಲಿ ಅದ್ದಿ, ಮುರಿದು ಬೀಳುವ ಮುಂಚೆ ನಾಜೂಕಾಗಿ ಬಾಯಿಗಿಟ್ಟುಕೊಂಡರು. "ಸಂಘಕ್ಕೆ ಸಭಾಗೃಹ ಬೇಡವೇ? ನಾಳೆ ನಿನ್ನ ಸ್ಪರ್ಧೆಗಳು ಅಲ್ಲೇ ನಡೆಯುತ್ತವೆ. ನೋಡಮ್ಮ, ನೀನು ಎರಡೂ ಕಡೆ ನಿಂತು ಗೆದ್ದವಳು. ಬೇರೆಯವರಿಗೆ ಅರ್ಥವಾಗದಿದ್ದರೂ ನಿನಗೆ ಇದು ಅರ್ಥವಾಗಬೇಕು."

ಡ್ರಾಯರಿನಿಂದ ಒಂದು ಕಾಗದ ತೆಗೆದು ನನ್ನ ಕಡೆ ತಳ್ಳಿದರು. ಜುಲೈಯಿಂದ ಜೂನಿಯರ್ ಆಗಿ ನೇಮಿಸಿಕೊಂಡ ಪತ್ರ. ಉಚಿತ ನೆರವಿನ ಕೆಲಸಕ್ಕೆ ಎಂದು ಬೇರೆಯಾಗಿ ನಮೂದಿಸಿದ್ದರು. ಆಮೇಲೆ, ಹವಾಮಾನದ ಬಗ್ಗೆ ಹೇಳುವಂತೆ, "ಬರೆದ ಸಾಲು ಸುಳ್ಳು ಎಂದು ನೀನೇ ಹೇಳಿಕೊಂಡರೆ ಸನದಿಗೆ ಅರ್ಜಿ ಹಾಕುವಾಗ ಅದನ್ನೆಲ್ಲ ಕೇಳುತ್ತಾರೆ. ಯೋಚನೆ ಮಾಡು" ಎಂದರು. ಸನದು ಇಲ್ಲದೆ ವಕೀಲಿಯಿಲ್ಲ. ನಾನು ಪತ್ರ ತೆಗೆದುಕೊಂಡೆ. ಬೇಡವೆಂದು ಮೇಜಿನ ಮೇಲೆ ಬಿಟ್ಟುಬಂದೆ ಎಂದು ಬರೆದರೆ ಓದಲು ಚೆನ್ನಾಗಿರುತ್ತಿತ್ತು. ತೆಗೆದುಕೊಂಡೆ, ಚೀಲದಲ್ಲಿ ಇಟ್ಟುಕೊಂಡೆ, ಥ್ಯಾಂಕ್ಯೂ ಎಂದೂ ಅಂದಿರಬಹುದು.

ಹೊರಗೆ ಗುಮಾಸ್ತ ಟೈಪ್‌ರೈಟರಿಗೆ ಹೊಸ ರಿಬ್ಬನ್ ಹಾಕುತ್ತಿದ್ದ. "ನೀವೇ ಟೈಪು ಮಾಡಿದಿರಾ?" ಎಂದು ಕೇಳಿದೆ.

"ಮತ್ಯಾರು ಮಾಡುತ್ತಾರೆ? ಖಾಲಿ ಕಾಗದ ಕೆಲಸಕ್ಕೆ ಬರುತ್ತದೆ ಎಂದು ನಾನು ಹೇಳಿದ್ದೆ. ಯಾರ ಕೆಲಸಕ್ಕೆ ಎಂದು ನೀನು ಕೇಳಲಿಲ್ಲ. ಇಷ್ಟು ಪ್ರಶ್ನೆ ಕೇಳುವವಳು, ಅದೊಂದು ಕೇಳಲಿಲ್ಲ ಬೇಟಿ."

ಮಂಗಳವಾರ ಅಪ್ಪನಿಗೆ ರಜೆ. ಬೆಳಿಗ್ಗೆ ಅವರು ಚಾಳಿನ ಗ್ಯಾಲರಿಯಲ್ಲಿ ಕೂತು ಬೀನ್ಸ್ ಮುರಿಯುತ್ತಿದ್ದಾಗ ಎಲ್ಲ ಹೇಳಿದೆ. ನಾನು ಹೇಳಿದ್ದು ಅಷ್ಟಿಷ್ಟಲ್ಲ. ವ್ಯವಸ್ಥೆಯ ಬಗ್ಗೆ, ವಕೀಲಿ ವೃತ್ತಿಯ ಬಗ್ಗೆ, ನಮ್ಮವರ ಸಂಘಗಳ ಬಗ್ಗೆ. ಸೀನಿಯರ್ ಅಷ್ಟು ದೊಡ್ಡವರಾದದ್ದು ಹೇಗೆ, ಗುಮಾಸ್ತನಂಥವನು ಹುಟ್ಟುವುದು ಹೇಗೆ ಎಂಬ ತನಕ ಬಂದಿದ್ದೆ. ಅಪ್ಪ ಬೀನ್ಸಿನ ನಾರು ಎಳೆಯುತ್ತಲೇ ಕೇಳಿದರು.

"ಓದಿ ಹೇಳಿದ್ದೇನೆ ಅಂತ ಬರೆದದ್ದು ಯಾರು? ನೀನಾ?"

"ಹೌದು. ಆದರೆ ಪದ್ಧತಿ ಏನೆಂದರೆ—"

"ಓದಿದ್ಯಾ?"

"ಓದಲು ಅದರಲ್ಲಿ ಏನೂ ಇರಲಿಲ್ಲ."

"ಓದ್ಲಿಲ್ಲ ಅಲ್ವಾ. ಮತ್ತೆ ಇದರಲ್ಲಿ ಚರ್ಚೆ ಮಾಡ್ಲಿಕ್ಕೆ ಎಂತ ಉಂಟು?"

ಇಪ್ಪತ್ತೆರಡು ವರ್ಷಗಳಲ್ಲಿ ಅಪ್ಪ ನನ್ನನ್ನು ವಾದದಲ್ಲಿ ಸೋಲಿಸಿದ್ದು ಅದೊಂದೇ ಸಲ. ಅವರಿಗೆ ಅದು ವಾದ ಎಂದೂ ಗೊತ್ತಿರಲಿಲ್ಲ. ಅಲ್ಲಿಯವರೆಗೆ ನನಗಿದ್ದ ಹೇಸಿಗೆಯೆಲ್ಲ ಫೋರ್ಟಿನ ಕಡೆಗೆ, ಸಂಘದ ಕಡೆಗೆ, ಆ ಬಿಸ್ಕೆಟ್ ಅದ್ದಿದ ಬೆರಳುಗಳ ಕಡೆಗೆ ಹರಿಯುತ್ತಿತ್ತು. ಈಗ ಅದಕ್ಕೆ ಮನೆಯ ದಾರಿ ಸಿಕ್ಕಿತು. ಆ ಹೆಂಗಸು ಸೀನಿಯರನ್ನು ನಂಬಿ ಒತ್ತಿರಲಿಲ್ಲ. ಗುಮಾಸ್ತನನ್ನು ಮೊದಲೇ ನಂಬಿರಲಿಲ್ಲ. ನನ್ನ ವಾದಕ್ಕೆ ಸೋತು ಒತ್ತಿದ್ದಳು.

ಕಾಲೇಜಿನಲ್ಲಿ ನಮಗೆ ಸಾಕ್ಷ್ಯ ಕಾಯಿದೆ ಕಲಿಸುತ್ತಿದ್ದ ಮೇಷ್ಟ್ರೊಬ್ಬರು ಸಣ್ಣಪುಟ್ಟ ವಕೀಲಿಯನ್ನೂ ಮಾಡುತ್ತಿದ್ದರು. ಮಹಾ ಸಿಡುಕಿನ ಮನುಷ್ಯ. ಬಡವರ ಬಗ್ಗೆ ಒಂದೇ ಒಂದು ಒಳ್ಳೆಯ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ, ಆದ್ದರಿಂದ ಅವರ ಹತ್ತಿರ ಕೆಲಸ ಕೇಳಲು ಹೋಗಿರಲೂ ಇಲ್ಲ. ಈಗ ಕೋರ್ಟಿನಿಂದ ಪುರ್ಸಿಸ್‌ನ ಇನ್ನೊಂದು ನಕಲು ತೆಗೆಸಿ ಅವರ ಮುಂದಿಟ್ಟೆ. ಅವರು ಅದನ್ನು ಕನ್ನಡಕದ ಹತ್ತಿರ ಹಿಡಿದು ನೋಡಿದರು.

"ಪುರ್ಸಿಸ್ ರದ್ದು ಮಾಡಿ ಎಂದು ಅರ್ಜಿ ಹಾಕಬಹುದು. ಆದರೆ ಹಾಳೆ ಖಾಲಿ ಇತ್ತು ಎಂದು ಹೇಳುವವರು ಯಾರು? ಇಪ್ಪತ್ತೆರಡು ಹೆಬ್ಬೆಟ್ಟುಗಳು ಹೇಳಿದರೆ, ಈಗ ಬುದ್ಧಿ ಬದಲಾಯಿಸಿದ್ದಾರೆ ಎನ್ನುತ್ತಾರೆ. ಇಲ್ಲಿ ಸಹಿ ಮಾಡಿದ ಮಹಾತಾಯಿ ಬಂದು, ನಾನು ಸುಳ್ಳು ಬರೆದೆ ಎಂದು ಅಫಿಡವಿಟ್ ಕೊಡಬೇಕು. ಅದಿಲ್ಲದೆ ನಾನೇನು ಕೋರ್ಟಿನಲ್ಲಿ ತುತ್ತೂರಿ ಊದಲೇ?"

"ಕೊಡುತ್ತೇನೆ ಸರ್."

"ಸನದಿನ ಕಥೆ ಗೊತ್ತಲ್ಲ?"

"ಗೊತ್ತು."

"ಹಾಗಾದರೆ ಬರಿ. ಸಾಹಿತ್ಯ ಬೇಡ. ಏನು ಮಾಡಿದೆಯೋ ಅಷ್ಟು ಬರಿ."

ಮುಂದೆ ಏನಾಯಿತೆಂದು ಇಲ್ಲೇ ಹೇಳಿಬಿಡುತ್ತೇನೆ. ಓದುಗರನ್ನು ಕಾಯಿಸುವ ಚಾಳಿ ನನಗಿಲ್ಲ. ನ್ಯಾಯಾಧೀಶರು ನನ್ನ ಅಫಿಡವಿಟನ್ನು ಎರಡು ಬೆರಳಲ್ಲಿ ಹಿಡಿದು ಓದಿ, ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ಪುರ್ಸಿಸ್ ರದ್ದಾಯಿತು, ಸ್ಟೇ ಮರಳಿ ಬಂತು. ಝೋಪಡಿಗಳು ಆ ಮಳೆಗಾಲ, ಅದರ ಮುಂದಿನ ಮಳೆಗಾಲ ಅಲ್ಲೇ ಇದ್ದವು. ಸೀನಿಯರಿಗೆ ಏನೂ ಆಗಲಿಲ್ಲ. ಗುಮಾಸ್ತನ ಕಣ್ತಪ್ಪು ಎಂದು ತೀರ್ಮಾನವಾಗಿ, ಗುಮಾಸ್ತನಿಗೂ ಏನೂ ಆಗಲಿಲ್ಲ. ಸಭಾಗೃಹ ಎದ್ದಿತು. ನನ್ನ ನೇಮಕದ ಪತ್ರ ರದ್ದಾದ ಸುದ್ದಿ ಒಂದು ಪೋಸ್ಟ್ ಕಾರ್ಡಿನಲ್ಲಿ ಬಂತು, ಲಕೋಟೆಗೂ ಯೋಗ್ಯಳಲ್ಲ ಎಂಬಂತೆ. ಸನದು ಕೈಗೆ ಬರಲು ಎರಡು ವರ್ಷ ತಡವಾಯಿತು. ಆ ಎರಡು ವರ್ಷ ನಾನು ಆ ಸಿಡುಕು ಮೇಷ್ಟ್ರ ಟೈಪಿಸ್ಟ್ ಆಗಿದ್ದೆ. ಟೈಪಿಂಗ್ ಬರುತ್ತದೆಯೇ ಎಂದು ಕೇಳಿದವರಿಗೆ ಆಗ ಉತ್ತರ ಸಿಕ್ಕಿತು.

ಆದರೆ ಕೋರ್ಟಿಗಿಂತ ಮುಂಚೆ ನಾನು ಗುಡ್ಡ ಹತ್ತಬೇಕಿತ್ತು. ಅಫಿಡವಿಟ್ ಟೈಪಾದ ದಿನವೇ ಮಧ್ಯಾಹ್ನದ ಲೋಕಲ್ ಹಿಡಿದು ಘಾಟ್ಕೋಪರಿನಲ್ಲಿ ಇಳಿದೆ. ಅಲ್ಲಿವರೆಗೆ ಆ ಝೋಪಡಿಗಳನ್ನು ನಾನು ಕಣ್ಣಲ್ಲಿ ಕಂಡಿರಲಿಲ್ಲ. ಅವುಗಳ ಬಗ್ಗೆ ಅಷ್ಟು ಕಾಗದಕ್ಕೆ ಸಹಿ ಹಾಕಿದವಳು. ಕಲ್ಲುಪುಡಿಯ ದಾರಿ, ಬಿಸಿಲಿಗೆ ಕಾದ ತಗಡು, ನಲ್ಲಿಯ ಮುಂದೆ ಡಬ್ಬಗಳ ಸಾಲು. ಅವಳು ಬಾಗಿಲಲ್ಲಿ ಕೂತು ತಗಡಿನ ತೂತಿಗೆ ಡಾಂಬರು ಬಳಿಯುತ್ತಿದ್ದಳು. ಬಿಟ್ಟು ಹೋಗುವವರು ಮಳೆಗೆ ಮಾಡು ರಿಪೇರಿ ಮಾಡುವುದಿಲ್ಲ.

"ಯಾಕ ಬಂದಿ? ಮತ್ತ ಯಾರದರ ಬೆರಳ ಬೇಕಾಗೇತೇನ?"

"ಇಲ್ಲಮ್ಮ. ನಾನು ಬರೆದುಕೊಟ್ಟದ್ದು ಸುಳ್ಳು ಎಂದು ಕೋರ್ಟಿಗೆ ಬರೆದಿದ್ದೇನೆ. ನಾಳೆ ಸಹಿ ಮಾಡಬೇಕು. ಅದಕ್ಕೆ ಮೊದಲು ನಿಮಗೆ ಓದಿ ಹೇಳಲು ಬಂದೆ."

"ಓದಿ ಹೇಳೂದ ನಿನಗ ಭಾಳ ಚಲೋ ಬರತೈತಿ" ಎಂದಳು ಪಕ್ಕದ ಝೋಪಡಿಯವಳು. ಇವಳು ಕೈಯೆತ್ತಿ ಅವಳನ್ನು ಸುಮ್ಮನಾಗಿಸಿ, ಡಾಂಬರಿನ ಕಡ್ಡಿಯನ್ನು ಡಬ್ಬದ ಮೇಲೆ ಅಡ್ಡ ಇಟ್ಟು, "ಓದು" ಎಂದಳು.

ಓದಿದೆ. ಹಾಳೆ ಖಾಲಿ ಇತ್ತು. ನಾನು ಏನನ್ನೂ ಓದಿ ಹೇಳಲಿಲ್ಲ. ಈಕೆ ಒತ್ತಲು ಒಪ್ಪಲಿಲ್ಲ, ನಾನು ಮಾತಾಡಿ ಒಪ್ಪಿಸಿದೆ. ಇನ್ನೊಮ್ಮೆ ಓದು ಎಂದಳು. ಓದಿದೆ. ಒಪ್ಪಿಸಿದೆ ಎಂಬಲ್ಲಿ ತಡೆದಳು.

"ಅದನ್ನೂ ಬರದೀಯೇನ? ನೀ ಮಾತಿನ್ಯಾಗ ನನ್ನ ಕಟ್ಟಿ ಹಾಕಿದ್ದು?"

"ಬರೆದಿದ್ದೇನೆ."

"ಹಾಂ" ಎಂದು, ಕೈಯನ್ನು ಸೀರೆಗೆ ಒರೆಸಿಕೊಂಡು, ಕಾಗದ ಕೇಳಿದಳು. ಕೊಟ್ಟೆ. ತಲೆಕೆಳಗಾಗಿ ಹಿಡಿದಿದ್ದಳು, ಅವಳೇ ನೋಡಿ ತಿರುಗಿಸಿಕೊಂಡಳು. ಮೇಲೆ ದೊಡ್ಡ ಅಕ್ಷರ ಇರುತ್ತದೆ ಎಂದು ಅವಳಿಗೆ ಗೊತ್ತಿತ್ತು. ಬೆರಳನ್ನು ಸಾಲಿನಿಂದ ಸಾಲಿಗೆ ಇಳಿಸುತ್ತ ಹೋಗಿ ಕೊನೆಯ ಸಾಲಿನ ಕೆಳಗೆ ನಿಲ್ಲಿಸಿದಳು. ಟೈಪು ಮುಗಿದು ನನ್ನ ಸಹಿಯ ಜಾಗದವರೆಗೆ ನಾಲ್ಕು ಬೆರಳಿನಷ್ಟು ಬಿಳಿ ಉಳಿದಿತ್ತು.

"ಇದ್ಯಾಕ ಖಾಲಿ ಐತಿ?"

ಉತ್ತರ ನಾಲಿಗೆಯ ತುದಿಗೆ ಬಂದಿತ್ತು. ಹಾಗೇ ಬಿಡುವ ಪದ್ಧತಿ, ಸಹಿಗೆ ಜಾಗ ಬೇಕು, ಅಷ್ಟರಲ್ಲಿ ಯಾರು ಏನು ಸೇರಿಸಿಯಾರು. ಅದರ ಬದಲು ಪೆನ್ನು ತೆಗೆದು, ಅಲ್ಲೇ ಹೊಸ್ತಿಲ ಮೇಲೆ ಕಾಗದ ಹಾಸಿ, ಬಿಳಿಯ ಈ ಮೂಲೆಯಿಂದ ಆ ಮೂಲೆಗೆ ಅಡ್ಡಗೆರೆ ಎಳೆದೆ. ಅವಳು ಬಗ್ಗಿ ನೋಡಿ, "ಇನ್ನೊಂದ ಎಳಿ" ಎಂದಳು. ಎಳೆದೆ.

"ಈಗ ಹೋಗಿ ಸೈ ಮಾಡು" ಎಂದು ಡಾಂಬರಿನ ಕಡ್ಡಿ ಎತ್ತಿಕೊಂಡಳು.